ನೋಡ್‌ಗೆ ಸ್ಟ್ರಕ್ಟಾ, ಕ್ಲಾಸಾ?

"ಅಣ್ಣಾ, ಲಿಂಕ್ಡ್ ಲಿಸ್ಟ್ ಬರೆಯುವಾಗ ನೋಡ್‌ಗೆ ಸ್ಟ್ರಕ್ಟ್ ಹಾಕುವುದಾ, ಕ್ಲಾಸ್ ಹಾಕುವುದಾ?" ಬದಿಯಡ್ಕ ಬಸ್ ಸ್ಟ್ಯಾಂಡಿನಲ್ಲಿ ನಮ್ಮೂರ ಹುಡುಗನೊಬ್ಬ ಕೇಳಿದ. ಕಾಲೇಜಿನಲ್ಲಿ ಸಿ ಪ್ಲಸ್ ಪ್ಲಸ್ ಕಲಿತು ಈಗ ಸಿ ಶಾರ್ಪಿಗೆ ಇಳಿದವನು. ಲಿಂಕ್ಡ್ ಲಿಸ್ಟ್ ಅಂದರೆ ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಿದ ಮಾಹಿತಿಯ ಸರಪಳಿ, ಅದರ ಒಂದೊಂದು ಬಿಡಿ ತುಂಡು ನೋಡ್. ಸ್ಟ್ರಕ್ಟ್, ಕ್ಲಾಸ್ ಅಂದರೆ ಬಿಡಿ ಮಾಹಿತಿಗಳನ್ನು ಒಂದು ಕಟ್ಟಾಗಿ ಮಾಡುವ ಎರಡು ದಾರಿ. ಕ್ಲಾಸ್ ಹಾಕು ಅಂತ ಹೇಳಿ ಕಳಿಸಬಹುದಿತ್ತು. ಆದರೆ ಯಾಕೆ ಅಂತ ಗೊತ್ತಿಲ್ಲದಿದ್ದರೆ ನಾಳೆ ಹ್ಯಾಶ್ ಟೇಬಲ್ ಬರೆಯುವಾಗ ಮತ್ತೆ ಅದೇ ಪ್ರಶ್ನೆ, ಅಲ್ವಾ?

ಮೊದಲು ಭಾಷೆ ಯಾವುದು ನೋಡಿಕೊಳ್ಳಿ. ಸಿ ಪ್ಲಸ್ ಪ್ಲಸ್ ಆದರೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ. ಅಲ್ಲಿ ಸ್ಟ್ರಕ್ಟಿನ ಸದಸ್ಯರು ನೀವು ಏನೂ ಹೇಳದಿದ್ದರೆ ಪಬ್ಲಿಕ್ (ಹೊರಗಿನ ಕೋಡ್ ಕೂಡ ಮುಟ್ಟಬಹುದು), ಕ್ಲಾಸಿನವರು ಪ್ರೈವೇಟ್ (ಮುಟ್ಟುವಂತಿಲ್ಲ). ಇನ್‌ಹೆರಿಟೆನ್ಸ್‌ನಲ್ಲೂ ಅದೇ ಕಥೆ. ಮೆಮೊರಿಯಲ್ಲಿ ಎರಡೂ ಒಂದೇ. ಅಲ್ಲಿನ ರೂಢಿ ಹೀಗೆ: ಒಳಗಿನ ಸಂಗತಿಗಳು ಒಂದಕ್ಕೊಂದು ತಾಳೆಯಾಗಲೇಬೇಕು ಅಂತಿದ್ದರೆ ಕ್ಲಾಸ್, ಸುಮ್ನೆ ನಾಲ್ಕು ಮಾಹಿತಿಯ ಕಟ್ಟು ಆದರೆ ಸ್ಟ್ರಕ್ಟ್. ಜಾವಾದಲ್ಲಿ ಸ್ಟ್ರಕ್ಟೇ ಇಲ್ಲ. ನಿಜವಾದ ತಲೆನೋವು ಸಿ ಶಾರ್ಪ್ ಮತ್ತು ಸ್ವಿಫ್ಟಿನವರಿಗೆ.

ಅಲ್ಲಿ ಸ್ಟ್ರಕ್ಟ್ ಅಂದರೆ ಕೊಡದಲ್ಲಿ ತುಂಬಿ ಕೊಟ್ಟ ನೀರು. ನೀವು ಅದಕ್ಕೆ ಉಪ್ಪು ಹಾಕಿದರೂ ಬೆಲ್ಲ ಹಾಕಿದರೂ ನನ್ನ ಕೊಡಕ್ಕೆ ಏನೂ ಆಗುವುದಿಲ್ಲ. ಕ್ಲಾಸ್ ಅಂದರೆ ನಮ್ಮ ಕಡೆ ಗುಡ್ಡದಲ್ಲಿ ನೀರಿಗಾಗಿ ಕೊರೆದ ಸುರಂಗದಿಂದ ನಾಲ್ಕು ಮನೆಗೆ ಅಡಿಕೆ ಮರದ ದಂಬೆ (ನೀರು ಹರಿಸುವ ಕೊಳವೆ) ಇಟ್ಟ ಹಾಗೆ. ದಂಬೆ ನಾಲ್ಕಿದ್ದರೂ ನೀರಿನ ಮೂಲ ಒಂದೇ, ಯಾರಾದರೂ ಒಳಗೆ ಹೋಗಿ ಕಲಕಿದರೆ ನಾಲ್ಕು ಮನೆಗೂ ಕೆಸರೇ ಬರುತ್ತದೆ.

ಇದು ನನಗೆ ಅರ್ಥವಾದದ್ದು ಪೆಟ್ಟು ತಿಂದ ಮೇಲೆ. ಅಡಿಕೆ ವ್ಯಾಪಾರಿಯೊಬ್ಬರಿಗೆ ಸಿ ಶಾರ್ಪಿನಲ್ಲಿ ಲೆಕ್ಕದ ಆ್ಯಪ್ ಮಾಡಿ ಕೊಡುತ್ತಿದ್ದೆ. ಒಂದೊಂದು ಗೋಣಿಗೂ ಜಾತಿ (ಚಾಲಿಯೋ ಕರಿಗೋಟೋ), ತೂಕ, ದರ. ಮೂರೇ ಸಂಗತಿ ಅಂತ ಸ್ಟ್ರಕ್ಟ್ ಮಾಡಿ ಲಿಸ್ಟಿಗೆ ಹಾಕಿದೆ. ಬಿಲ್ ಮಾಡುವ ಮೊದಲು ಖಾಲಿ ಗೋಣಿಯ ತೂಕ ಅಂತ ಒಂದೊಂದರಿಂದ 1 ಕಿಲೋ ಕಳೆಯಬೇಕಿತ್ತು. ಲಿಸ್ಟಿನ ಒಳಗೇ ನೇರ ಕಳೆಯಲು ಹೋದರೆ ಕಂಪೈಲರ್ ಒಪ್ಪಲಿಲ್ಲ, ಇದು ವೇರಿಯಬಲ್ ಅಲ್ಲ, ಬದಲಾಯಿಸಲು ಬರುವುದಿಲ್ಲ ಅಂತು. ನಾನು ಬುದ್ಧಿವಂತ ನೋಡಿ, ಅದನ್ನು ಬೇರೆ ವೇರಿಯಬಲ್ಲಿಗೆ ತೆಗೆದುಕೊಂಡು ಅದರಿಂದ ಕಳೆದೆ. ಕಂಪೈಲರ್ ಸುಮ್ಮನಾಯಿತು. ಬಿಲ್ಲಿನಲ್ಲಿ ಮಾತ್ರ 40 ಗೋಣಿಗೆ 40 ಕಿಲೋ ಜಾಸ್ತಿ! ಸಾಹುಕಾರರು ಬೈಯಲಿಲ್ಲ, ಕೈಬರಹದ ಪುಸ್ತಕವನ್ನು ನನ್ನ ಮುಂದೆ ಇಟ್ಟರು ಅಷ್ಟೆ. ನಾನು ಕಳೆದದ್ದು ನಕಲಿನಿಂದ, ಲಿಸ್ಟಿನಲ್ಲಿದ್ದ ಗೋಣಿ ಹಾಗೆಯೇ ಇತ್ತು.

ಹಾಗಾಗಿ ಸ್ಟ್ರಕ್ಟ್ ಮಾಡುವುದಾದರೆ ರೀಡ್‌ಓನ್ಲಿ ಮಾಡಿಬಿಡಿ. ತೂಕ ಬದಲಾಗಬೇಕೆಂದರೆ ಹೊಸ ತೂಕದ ಹೊಸ ಗೋಣಿ ಮಾಡಿ ಅದೇ ಜಾಗದಲ್ಲಿ ಇಡಿ. ಇನ್ನೊಂದು ವಿಷಯ, ಲಿಸ್ಟಿನ ಬದಲು ಅರೇ ಆಗಿದ್ದರೆ ನೇರವಾಗಿ ಕಳೆದರೂ ಕೆಲಸ ಆಗುತ್ತಿತ್ತು. ಅರೇ ನಿಮಗೆ ಆ ಜಾಗವನ್ನೇ ತೋರಿಸುತ್ತದೆ, ಲಿಸ್ಟ್ ಕೊಡುವುದು ನಕಲು.

ಈಗ ಹುಡುಗನ ನೋಡ್‌ಗೆ ಬರೋಣ. ನೋಡಿನೊಳಗೆ ಮುಂದಿನ ನೋಡ್ ಇರಬೇಕು. ಸ್ಟ್ರಕ್ಟ್ ಆದರೆ ಡಬ್ಬಿಯೊಳಗೆ ಅಷ್ಟೇ ದೊಡ್ಡ ಇನ್ನೊಂದು ಡಬ್ಬಿ, ಅದರೊಳಗೆ ಮತ್ತೊಂದು, ಅಳತೆಗೆ ಕೊನೆಯೇ ಇಲ್ಲ. ಸಿ ಶಾರ್ಪ್, ಸ್ವಿಫ್ಟ್ ಎರಡೂ ಕಂಪೈಲ್ ಮಾಡಲು ಒಪ್ಪುವುದಿಲ್ಲ. ಹಿಂದೆ ಮುಂದೆ ಎರಡೂ ಕಡೆ ಕೊಂಡಿ ಇರುವ ಲಿಸ್ಟಿನಲ್ಲಂತೂ ಆಚೀಚೆಯ ಇಬ್ಬರೂ ತೋರಿಸಬೇಕಾದ್ದು ಅದೇ ನೋಡನ್ನು, ಅದರ ನಕಲನ್ನಲ್ಲ. ಹಾಗಾಗಿ ಲಿಂಕ್ಡ್ ಲಿಸ್ಟ್, ಟ್ರೀ, ಗ್ರಾಫ್ ಎಲ್ಲದಕ್ಕೂ ಕ್ಲಾಸ್ ಹಾಕಿ. ಸಿ ಶಾರ್ಪ್ ಓಡುವ ವೇದಿಕೆಯಾದ ಡಾಟ್ ನೆಟ್‌ನ ಸ್ವಂತ ಲಿಂಕ್ಡ್ ಲಿಸ್ಟಿನ ನೋಡ್ ಕೂಡ ಕ್ಲಾಸೇ.

ಸಾಲಾಗಿ ಕೂರುವ ಸಣ್ಣ ಸಾಮಾನಿನ ಲೆಕ್ಕ ಬೇರೆ. ಎರಡು ಪೂರ್ಣಾಂಕ ಇರುವ ಒಂದು ಬಿಂದು ತೆಗೆದುಕೊಳ್ಳಿ. ಸ್ಟ್ರಕ್ಟ್ ಆದರೆ 8 ಬೈಟ್. 64 ಬಿಟ್ ಡಾಟ್ ನೆಟ್‌ನಲ್ಲಿ ಕ್ಲಾಸ್ ಆದರೆ ಆಬ್ಜೆಕ್ಟಿನ ತಲೆಭಾರ 16 ಸೇರಿ 24, ಅರೇಯಲ್ಲಿ ಅದನ್ನು ತೋರಿಸುವ ರೆಫರೆನ್ಸಿಗೆ ಇನ್ನೂ 8. ಸಾವಿರ ಬಿಂದುಗೆ 8,000 ಬೈಟ್ ಎಲ್ಲಿ, 32,000 ಎಲ್ಲಿ! ಜಾಗ ಹೋಗಲಿ ಮಾರಾಯ್ರೇ, ಪ್ರೊಸೆಸರ್ ಸಾಮಾನ್ಯವಾಗಿ 64 ಬೈಟಿನ ಕಂತಿನಲ್ಲಿ ಮೆಮೊರಿ ಎಳೆದುಕೊಳ್ಳುತ್ತದೆ, ಸ್ಟ್ರಕ್ಟ್ ಆದರೆ ಒಂದೇ ಕಂತಿನಲ್ಲಿ ಎಂಟು ಬಿಂದು ಕೈಗೆ ಬರುತ್ತವೆ. ಕ್ಲಾಸ್ ಆದರೆ ಒಂದೊಂದಕ್ಕೂ ಹುಡುಕಿಕೊಂಡು ಹೋಗಬೇಕು.

ಮೈಕ್ರೋಸಾಫ್ಟಿನ ಸಲಹೆಯಂತೆ ಸ್ಟ್ರಕ್ಟ್ 16 ಬೈಟಿಗಿಂತ ಸಣ್ಣದಿರಬೇಕು. ಅದನ್ನು ವೇದವಾಕ್ಯ ಮಾಡಿಕೊಳ್ಳಬೇಡಿ, ದೊಡ್ಡದಾದಷ್ಟೂ ನಕಲಿನ ಖರ್ಚು ಜಾಸ್ತಿ ಅಂತ ನೆನಪಿದ್ದರೆ ಸಾಕು.

ಎರಡನ್ನೂ ಸೇರಿಸಿ ಬಳಸುವುದನ್ನು ನೋಡಬೇಕೆಂದರೆ ಡಾಟ್ ನೆಟ್‌ನ ಡಿಕ್ಷನರಿಯ ಸೋರ್ಸ್ ಕೋಡ್ ತೆರೆದು ನೋಡಿ, ನನಗೆ ತುಂಬಾ ಇಷ್ಟವಾದ ಕೋಡ್ ಅದು. ಹೊರಗಿನದ್ದು ಕ್ಲಾಸ್. ಒಳಗೆ ಸ್ಟ್ರಕ್ಟ್‌ಗಳ ಒಂದು ಅರೇ. ಡಿಕ್ಷನರಿ ಅಂದರೆ ಹ್ಯಾಶ್ ಟೇಬಲ್, ಒಂದೊಂದು ಐಟಂ ಒಂದೊಂದು ಬಕೆಟ್ಟಿಗೆ, ಅಂದರೆ ಖಾನೆಗೆ, ಬೀಳುತ್ತದೆ. ಒಂದೇ ಬಕೆಟ್ಟಿಗೆ ಬಿದ್ದವುಗಳು ಸರಪಳಿಯಾಗಬೇಕಲ್ಲ, ಅದಕ್ಕೆ ರೆಫರೆನ್ಸ್ ಇಲ್ಲ, ಮುಂದಿನದ್ದು ಅರೇಯಲ್ಲಿ ಎಷ್ಟನೆಯದ್ದು ಅನ್ನುವ ಸಂಖ್ಯೆ ಮಾತ್ರ. ಹೊಸ ಅರೇಯಲ್ಲಿ ಎಲ್ಲವೂ ಸೊನ್ನೆಯಾಗಿಯೇ ಹುಟ್ಟುವುದರಿಂದ ಬಕೆಟ್ಟುಗಳ ಅರೇಯಲ್ಲಿ ಬರೆಯುವ ಸ್ಥಾನದ ಎಣಿಕೆ 1ರಿಂದ ಶುರು, 0 ಅಂದರೆ ಖಾಲಿ.

ಹೊರಗಿನದ್ದನ್ನೂ ಸ್ಟ್ರಕ್ಟ್ ಮಾಡಲು ಹೋಗಬೇಡಿ. ಒಳಗೊಂದು ಅರೇ, ಒಂದು ಎಣಿಕೆ ಇಟ್ಟು ಸ್ಟ್ಯಾಕನ್ನು (ಒಂದರ ಮೇಲೊಂದು ಪೇರಿಸುವ ಪಟ್ಟಿ, ಪೇರಿಸುವುದೇ ಪುಶ್) ಸ್ಟ್ರಕ್ಟ್ ಮಾಡಿದಿರಿ ಅಂತಿಟ್ಟುಕೊಳ್ಳಿ. ಅದನ್ನು ಫಂಕ್ಷನ್ನಿಗೆ ಕೊಟ್ಟಾಗ ಎಣಿಕೆಯ ನಕಲು ಹೋಗುತ್ತದೆ, ಅರೇ ಮಾತ್ರ ಇಬ್ಬರಿಗೂ ಒಂದೇ. ಫಂಕ್ಷನ್ ಒಂದು ಐಟಂ ಪುಶ್ ಮಾಡಿತು, ಅರೇಯಲ್ಲಿ ಕೂತಿತು, ನಿಮ್ಮ ಎಣಿಕೆ ಹಳೆಯದೇ. ನಿಮ್ಮ ಮುಂದಿನ ಪುಶ್ ಅದರ ಮೇಲೆಯೇ ಹೋಗಿ ಕೂರುತ್ತದೆ. ಎರರ್ ಇಲ್ಲ, ಸದ್ದಿಲ್ಲ.

ಸ್ವಿಫ್ಟಿನ ಅರೇ ಸ್ಟ್ರಕ್ಟೇ ಅಲ್ವಾ ಅಂತ ಕೇಳಬಹುದು. ಹೌದು, ಆದರೆ ಅದು ಬರೆಯುವ ಹೊತ್ತಿಗೆ ತನ್ನ ಒಳಗಿನ ದಾಸ್ತಾನನ್ನು ಬೇರೆ ಯಾರಾದರೂ ಹಿಡಿದುಕೊಂಡಿದ್ದಾರಾ ಅಂತ ನೋಡಿ, ಹಿಡಿದಿದ್ದರೆ ಮಾತ್ರ ನಕಲು ಮಾಡಿಕೊಳ್ಳುತ್ತದೆ. ನೀವೂ ಹಾಗೆ ಮಾಡುವುದಾದರೆ ಬದಲಾವಣೆ ಮಾಡುವ ಒಂದೊಂದು ಫಂಕ್ಷನ್ನಿನಲ್ಲೂ ಆ ಪರೀಕ್ಷೆ ಬರೆಯಬೇಕು. ಒಂದು ಕಡೆ ಮರೆತರೂ ಮತ್ತೆ ಅದೇ ಸುರಂಗದ ಕೆಸರು.