ಅಂಗಳಕ್ಕೆ ಸಪೂರದ ಬಿಳಿ ಮರ ಬೇಕಾದರೆ ಕಂಗು ನೆಡಿ

ತಂಗಿಯ ಮಗಳು ಕೆನಡಾದಿಂದ ಒಂದು ಫೋಟೊ ಕಳಿಸಿದ್ದಳು. ಮನೆ ಮುಂದೆ ಸಪೂರದ ಬರ್ಚ್ ಮರ, ಸುಣ್ಣ ಬಳಿದ ಹಾಗೆ ಬಿಳಿ ತೊಗಟೆ. "ಮಾವ, ಕಾಸರಗೋಡಿನ ನೀರ್ಚಾಲಿನ ಹೊಸ ಮನೆಗೂ ಇಂಥದ್ದೇ ಬೇಕು" ಅಂದಳು. ಬರ್ಚ್ ಚಳಿ ಊರಿನ ಮರ. ನಮ್ಮ ದೇಶದಲ್ಲಿ ಅದರ ಬಳಗದ್ದು ಭೂರ್ಜ, ಅದೂ ಹಿಮಾಲಯದ ಎತ್ತರದಲ್ಲಿ. ಅದಕ್ಕೆ ಬುಡ ತಂಪಾಗಿರಬೇಕು, ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಬೇಕು. ಇಲ್ಲಿನ ಮಾರ್ಚ್ ಸೆಕೆಯಲ್ಲಿ ಅದನ್ನು ನೆಟ್ಟು ಹಿಂಸೆ ಕೊಡಲು ನನಗೆ ಮನಸ್ಸಿಲ್ಲ. "ಕಂಗು ನೆಡೋಣ" ಅಂದೆ. ಕಂಗು ಅಂದರೆ ನಮ್ಮ ಅಡಿಕೆ ಮರವೇ.

ತೋಟದ ತುಂಬ ಇರುವುದರಿಂದ ಕಂಗಿನ ಚಂದ ನಮಗೆ ಕಾಣುವುದಿಲ್ಲ, ಅಲ್ವಾ? ಎಳೆಯದರಲ್ಲಿ ಹಸಿರು ಕಾಂಡ, ಹಾಳೆ (ಎಲೆ ಬುಡದ ಕವಚ) ಕಳಚಿದಲ್ಲೆಲ್ಲ ಬಿಳಿ ಉಂಗುರ. ಆಮೇಲೆ ಬುಡದಿಂದ ಬೂದುಬಿಳಿ ಏರುತ್ತ ಬರುತ್ತದೆ. ಅದರ ಮೇಲೆ ಕಲ್ಲುಹೂವು ಹತ್ತಿದರೆ ಸುಮ್ನೆ ಬಿಡಿ, ಅದು ರೋಗವಲ್ಲ.

ಒಂದರಿಂದ ಒಂದೂವರೆ ವರ್ಷದ ಸಸಿ ತನ್ನಿ. ಉದ್ದದ್ದು ಬೇಡ. ಗಿಡ್ಡವಾಗಿ, ಬುಡ ದಪ್ಪಗಿದ್ದು, ಐದಾರು ಎಲೆ ಇರುವುದನ್ನೇ ಆರಿಸಿ. ಮಂಗಳ ತಳಿ ನನಗೆ ಇಷ್ಟ. ಹಾಳೆ, ಸೋಗೆ (ಗರಿ) ಬೀಳುವ ಮರ ಇದು, ಹಾಗಾಗಿ ಗೋಡೆಯಿಂದ ಹತ್ತಡಿ ಬಿಡಿ. ಕಾರು ನಿಲ್ಲಿಸುವ ಕಡೆ ಬೇಡವೇ ಬೇಡ. ಮರದಿಂದ ಮರಕ್ಕೆ ಒಂಬತ್ತಡಿ ಇರಲಿ.

ಹೊಂಡ ಉದ್ದ, ಅಗಲ, ಆಳ ಎಲ್ಲ ಮೂರಡಿ. ಈಗಿನ ಅಂಗಳಗಳು ಜೆಸಿಬಿಯಲ್ಲಿ ಗುಡ್ಡೆ ತಗ್ಗಿಸಿ ಮಾಡಿದವು, ಅಡಿಯಲ್ಲಿ ಬರೀ ಮುರಕಲ್ಲು. ತೋಡಿದ ದಿನವೇ ನಾಲ್ಕು ಕೊಡ ನೀರು ಹೊಯ್ದು ನೋಡಿ. ಮರುದಿನವೂ ನಿಂತಿದ್ದರೆ ನೀರು ಹರಿದುಹೋಗಲು ಹೊಂಡಕ್ಕಿಂತ ಆಳಕ್ಕೆ ಕಣಿ ತೆಗೆಯಿರಿ. ನೀರು ನಿಂತ ಜಾಗದಲ್ಲಿ ಕಂಗು ಬದುಕುವುದಿಲ್ಲ. ಮೇಲ್ಮಣ್ಣು, ಹಟ್ಟಿಗೊಬ್ಬರ ಬೆರೆಸಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿಸಿ, ಮೊದಲ ಮಳೆ ಬಿದ್ದ ಮೇಲೆ ನೆಡಿ. ಬುಡಕ್ಕೆ ತರಗೆಲೆ ಹೊದಿಸಿ. ಬೆಳೆದ ಮರಕ್ಕೆ ಬೇಸಿಗೆಯಲ್ಲಿ ಹನಿ ನೀರಾವರಿಯಾದರೆ ದಿನಕ್ಕೆ 16ರಿಂದ 20 ಲೀಟರ್ ಸಾಕು.

ಇನ್ನು ಬಿಸಿಲು. ಇಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ. ಮಳೆ ಬಿಟ್ಟ ಮೇಲೆ ಸೂರ್ಯ ದಕ್ಷಿಣಕ್ಕೆ ಸರಿಯುತ್ತಾನೆ, ಮಧ್ಯಾಹ್ನದ ಬಿಸಿಲು ನೈಋತ್ಯದಿಂದ ನೇರ ಕಾಂಡಕ್ಕೆ ಬಡಿಯುತ್ತದೆ. ನಮ್ಮ ಗೇಟಿನ ಬಳಿ ನೆಟ್ಟ ಎರಡು ಕಂಗಿಗೆ ನಾನು ನೆರಳು ಮಾಡಿರಲಿಲ್ಲ. ಹಸಿರು ಕಾಂಡದಲ್ಲಿ ಮೊದಲು ಅಂಗೈಯಗಲ ಅರಸಿನ ಬಣ್ಣದ ಕಲೆ ಬಂತು. ಅದು ಕಂದಾಯಿತು. ಮುಂದಿನ ವರ್ಷ ಉದ್ದಕ್ಕೆ ಸೀಳು, ಬೆರಳು ಒಳಗೆ ಹೋಗುವಷ್ಟು. ಒತ್ತಿದರೆ ಪುಡಿ ಉದುರುತ್ತಿತ್ತು. ಮಾವಿನ ಮರದ ಗಾಯ ಮುಚ್ಚಿಕೊಳ್ಳುತ್ತದೆ, ಕಂಗಿನದು ಮುಚ್ಚುವುದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಒಂದು ಗಾಳಿಗೆ ಎರಡೂ ಅಲ್ಲಿಂದಲೇ ಮುರಿದವು.

ಅದಕ್ಕೇ ಸಸಿಯ ದಕ್ಷಿಣಕ್ಕೂ ಪಶ್ಚಿಮಕ್ಕೂ ಬಾಳೆ ನೆಡಿ. ಕಾಂಡ ಎದ್ದ ಮೇಲೆ ನವೆಂಬರಿನೊಳಗೆ ಆ ಮಗ್ಗುಲಿಗೆ ಒಣ ಸೋಗೆ ಕಟ್ಟಿ, ಇಲ್ಲವೇ ಸುಣ್ಣ ಬಳಿಯಿರಿ.

ಅಡಿಕೆ ಹಿಡಿದ ಮೇಲೆ ಕೊಳೆರೋಗಕ್ಕೆ ಮಳೆಗೆ ಮೊದಲು ಶೇ. 1ರ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಸಬೇಕು, ಅದು ತೋಟದಲ್ಲಿ ಮಾಡುವ ಹಾಗೆಯೇ.

ನೀರ್ಚಾಲಿನಲ್ಲಿ ಮೂರು ಸಸಿ ನೆಟ್ಟಿದ್ದೇವೆ. ಬಾಳೆ ಈಗ ಅವಕ್ಕಿಂತ ಎತ್ತರವಿದೆ. ಮೊದಲ ಬಿಳಿ ಉಂಗುರ ಮೂಡಿದ ದಿನ ಅವಳಿಗೆ ಫೋಟೊ ಕಳಿಸುತ್ತೇನೆ.