ಮೊದಲ ಕಾರು ಮಾಡಿಫೈ ಮಾಡೋರೇ, ಟೈರಿನಿಂದ ಶುರು ಮಾಡಿ

ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ತಗೊಂಡ ತಕ್ಷಣ ಹುಡುಗರ ಕಣ್ಣು ಸೈಲೆನ್ಸರ್ ಮೇಲೆ ಬೀಳುತ್ತದೆ. ನಾನೂ ಬದಲಿಸಿದ್ದೆ. ಸುಮ್ನೆ ಸದ್ದು ಜಾಸ್ತಿ ಆಯಿತು, ಪೊಲೀಸರಿಗೆ ದಂಡ ಕಟ್ಟಿದೆ, ಓಟ ಮಾತ್ರ ಮೊದಲಿನಷ್ಟೇ.

ಇಂಥ ಕಾರಲ್ಲಿ ಎಳೆಯೋದು, ತಿರುಗಿಸೋದು ಎರಡೂ ಮುಂದಿನ ಚಕ್ರಗಳ ಕೆಲಸ. ಬ್ರೇಕಿನ ಹೊರೆಯೂ ಹೆಚ್ಚಾಗಿ ಅವುಗಳದ್ದೇ. ತಿರುವಿನ ಮಧ್ಯೆ ಆಕ್ಸಿಲರೇಟರ್ ಒತ್ತಿದರೆ ಕಾರು ತಿರುಗದೆ ನೇರಕ್ಕೆ ಜಾರೋದು ಅದಕ್ಕೇ. ಹಾಗಾಗಿ ಮೊದಲ ದುಡ್ಡು ಟೈರಿಗೆ ಹಾಕಿ. ಟೈರಿನ ಬದಿಯಲ್ಲಿ ಬರೆದಿರೋ ಅಳತೆ (ಮಿ.ಮೀ.ನಲ್ಲಿ ಅಗಲ, ಅದರ ಶೇಕಡಾ ಲೆಕ್ಕದಲ್ಲಿ ಬದಿಯ ಎತ್ತರ, ಕೊನೆಗೆ ಇಂಚಿನಲ್ಲಿ ರಿಮ್) 165/80 ಆರ್14 ಇದ್ದರೆ 185/65 ಆರ್15ಗೆ ಹೋಗಬಹುದು, ರಿಮ್ಮೂ ಬದಲಿಸಬೇಕು. ಚಕ್ರದ ಒಟ್ಟು ಎತ್ತರದಲ್ಲಿ 2 ಮಿ.ಮೀ. ವ್ಯತ್ಯಾಸ ಅಷ್ಟೇ, ಸ್ಪೀಡೋಮೀಟರ್ ಕೆಡುವುದಿಲ್ಲ. ದುಡ್ಡು ಎರಡೇ ಟೈರಿಗೆ ಸಾಕಾದರೆ ಹೊಸದನ್ನು ಹಿಂದಕ್ಕೆ ಹಾಕಿಸಿ. ವಿಚಿತ್ರ ಅನಿಸುತ್ತದೆ ಅಲ್ವಾ? ಮಳೆಯಲ್ಲಿ ಹಿಂಭಾಗ ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ, ಹೊಸಬರ ಕೈಗೆ ಸಿಗುವುದಿಲ್ಲ.

ಆಮೇಲೆ ಒಳ್ಳೆ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಆಯಿಲ್. ಅದು ತೇವ ಹೀರುತ್ತದೆ, 2 ವರ್ಷಕ್ಕೊಮ್ಮೆ ಬದಲಿಸಿ.

ಕಾರು ತಗ್ಗಿಸೋಕೆ ಸ್ಪ್ರಿಂಗ್ ಕತ್ತರಿಸಿ ಕೊಡ್ತೀವಿ ಅನ್ನೋರ ಹತ್ತಿರ ಹೋಗಲೇಬೇಡಿ. ನಮ್ಮ ಊರಿನ ಹಂಪ್‌ಗಳಿಗೆ ಮೊದಲು ತಾಗೋದು ಇಂಜಿನ್ ಆಯಿಲ್ ಚೇಂಬರ್. ಬಣ್ಣ ಬದಲಿಸೋದಾದರೆ ಮೊದಲು ಆರ್‌ಟಿಒದಲ್ಲಿ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ.