ಕಬಡ್ಡಿ ಅಂಕಣದೊಳಗಿನ ದೂರು, ಅಂಕಣದಾಚೆಯ ದೂರು

ಶಿರಸಿ ಕಡೆ ರೆಫ್ರಿಯಾಗಿ ಶಾಲಾ ಕಬಡ್ಡಿ ಆಡಿಸುವಾಗ ದೂರು ಬಂದ ಕೂಡಲೇ ನಾನು ನೋಡುವುದು ಒಂದನ್ನೇ: ಇದು ಆಟದ ವಿಷಯವೋ, ಮಗುವಿನ ಸುರಕ್ಷತೆಯ ವಿಷಯವೋ?

ಹೆಚ್ಚಿನವು ಆಟದವೇ. ಕಚ್ಚಿದ, ಪರಚಿದ, ಬೈದ. ರೈಡರ್ ಮೇಲೆ ನಾಲ್ಕೈದು ಜನ ಬಿದ್ದಾಗ ಅಡಿಯಲ್ಲಿ ಏನಾಯಿತೆಂದು ಅಂಪೈರಿಗೂ ಕಾಣದು. ಅದಕ್ಕೇ ಪಂದ್ಯಕ್ಕೆ ಮೊದಲೇ ತಂಡದ ಹನ್ನೆರಡೂ ಮಕ್ಕಳ ಉಗುರು ನೋಡುತ್ತೇನೆ. ಉಗುರುಕತ್ತರಿ ಕಿಸೆಯಲ್ಲೇ ಇರುತ್ತದೆ. ಹುಡುಗಿಯರ ತಂಡವನ್ನು ಮೇಡಂ ನೋಡುತ್ತಾರೆ.

ದೂರು ಬಂದರೆ ಆಟ ನಿಲ್ಲಿಸಿ ಇಬ್ಬರು ಅಂಪೈರುಗಳನ್ನೂ ಬೇರೆಬೇರೆಯಾಗಿ ಕೇಳಬೇಕು. ಒಟ್ಟಿಗೆ ಕೇಳಿದರೆ ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ಬರುತ್ತದೆ. ಕಂಡಿದ್ದರೆ ಕಾರ್ಡು: ಹಸಿರು ಎಚ್ಚರಿಕೆ, ಹಳದಿಗೆ 2 ನಿಮಿಷ ಹೊರಗೆ, ಕೆಂಪಿಗೆ ಪಂದ್ಯದಿಂದಲೇ ಹೊರಗೆ. ಯಾರೂ ಕಾಣದಿದ್ದರೆ, ಜನ ಎಷ್ಟೇ ಕೂಗಲಿ, ಕಾರ್ಡು ಎತ್ತುವುದಿಲ್ಲ. ಬರೆದಿಡುತ್ತೇನೆ: "11.40, ಎರಡನೇ ಅರ್ಧ, ಅಂಕ 18–15, 7ನೇ ನಂಬರಿನ ಬಲ ಮುಂಗೈಯಲ್ಲಿ ಹಲ್ಲಿನ ಗುರುತು, ಕಚ್ಚಿದ್ದನ್ನು ಅಂಪೈರುಗಳು ಕಂಡಿಲ್ಲ." ಬೈಗುಳವಾದರೆ ಆ ಶಬ್ದವನ್ನೇ ಬರೆಯಬೇಕು, "ಕೆಟ್ಟದಾಗಿ ಮಾತಾಡಿದ" ಎಂದರೆ ನಾಳೆ ಯಾರಿಗೂ ಅರ್ಥವಾಗದು. ಆಗಸ್ಟಿನ ಮಳೆಗೆ ಜೆಲ್ ಪೆನ್ನು ಕದಡುತ್ತದೆ, ಪೆನ್ಸಿಲ್ ಒಳ್ಳೆಯದು.

ವಯಸ್ಸಿನ ತಕರಾರನ್ನು ಟೀಂ ಮ್ಯಾನೇಜರ್ ಬರೆದು ಸಹಿ ಮಾಡಿ ಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತೇನೆ. ಪ್ರವೇಶ ಪತ್ರದ ಫೋಟೊ, ಜನ್ಮದಿನಾಂಕವನ್ನು ಶಾಲಾ ದಾಖಲೆಯ ಜೊತೆ ತಾಳೆ ನೋಡಿದರೆ ಆಯಿತು. ಎಲ್ಲರೆದುರು ಹುಡುಗನನ್ನು ನಿಲ್ಲಿಸಿ ಮೀಸೆ ನೋಡಿ ವಯಸ್ಸು ಹೇಳುವುದು ಅನ್ಯಾಯ.

ತರಬೇತಿ ಕೊಡುವವರೋ ಬೇರೆ ದೊಡ್ಡವರೋ ಮೈ ಮುಟ್ಟಿದರು ಎಂಬ ದೂರು ಬಂದರೆ ಇದಾವುದೂ ನಡೆಯದು. ಅಲ್ಲಿ ವಿಚಾರಣೆ ನನ್ನ ಕೆಲಸವೇ ಅಲ್ಲ. ನಾಲ್ಕು ಜನರಿಗೆ ಕಾಣುವ, ಆದರೆ ಮಾತು ಕೇಳದ ಜಾಗದಲ್ಲಿ, ಮೇಡಂ ಜೊತೆಗಿದ್ದಾಗ, ಮಗು ಒಮ್ಮೆ ಹೇಳಿದ್ದನ್ನು ಅದರದೇ ಮಾತಿನಲ್ಲಿ ಬರೆದುಕೊಳ್ಳುತ್ತೇನೆ. "ಇಲ್ಲಿ ಮುಟ್ಟಿದರಾ?" ಎಂದು ಬಾಯಿಗೆ ಮಾತು ಹಾಕಬಾರದು. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಡಲೂಬಾರದು, ಏಕೆಂದರೆ ಹೇಳಲೇಬೇಕು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದವರಿಗೆ 21ನೇ ಕಲಂನಲ್ಲಿ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸದುದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆ ಇದೆ. ಮಕ್ಕಳ ಸಹಾಯವಾಣಿ 1098. "ಕ್ರೀಡಾಕೂಟ ಮುಗಿಯಲಿ, ಶಾಲೆಯ ಮರ್ಯಾದೆ" ಎನ್ನುವವರು ಇದ್ದೇ ಇರುತ್ತಾರೆ, ಕಾಯಬೇಡಿ. ಮಗುವಿನ ಹೆಸರು ವಾಟ್ಸಾಪಿಗೆ ಹೋಗಬಾರದು.

ಗಡಿಬಿಡಿಯಲ್ಲಿ ಎಲ್ಲರೂ ಮರೆಯುವುದು ವಾಪಸು ಪ್ರಯಾಣವನ್ನು. ಕುಮಟಾ ಕಡೆಯಿಂದ ದೇವಿಮನೆ ಘಟ್ಟ ಹತ್ತಿ ಬಂದ ತಂಡ ಸಂಜೆ ಅದೇ ಟೆಂಪೊದಲ್ಲಿ, ಯಾರ ಮೇಲೆ ದೂರೋ ಅದೇ ಮನುಷ್ಯನ ಜೊತೆ ಇಳಿಯುತ್ತದೆ. ಆ ಮಗುವನ್ನು ಟೆಂಪೊ ಹತ್ತಿಸಬೇಡಿ. ಮನೆಯವರಿಗೆ ಫೋನ್ ಮಾಡಿ, ಅವರು ಬಂದು ತಲುಪುವವರೆಗೆ ಮೇಡಂ ಪಕ್ಕದಲ್ಲೇ ಕೂರಿಸಿ.